ಬೆಳ್ಳಿ ಹೇಳಿದ ಇಲಿಗಳ ಸುದ್ದಿ ಮತ್ತು ನಮ್ಮ ಕೀಳರಿಮೆ

'ನಿಮಗೆ ಕೀಳರಿಮೆ ಜಾಸ್ತಿ, ಕಮ್ಮಿ ಮಾಡ್ಕೊಳ್ಳಿ' ಎಂದು ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ನಮಗೆ ಹೇಳಿದ್ದರು. ಕೆಟ್ಟ ಮನುಷ್ಯರಲ್ಲ. ಮನಶ್ಶಾಸ್ತ್ರ ಓದಿಕೊಂಡವರು, ನಮ್ಮ ಮೇಲೆ ಕರುಣೆ ಇದ್ದವರು. ಆದರೆ ಅವರ ಮಾತಿನ ಧಾಟಿ ಹೇಗಿತ್ತೆಂದರೆ, ಕೀಳರಿಮೆ ಎನ್ನುವುದು ನಾವೇ ಅಳತೆ ಕೊಟ್ಟು ಹೊಲಿಸಿಕೊಂಡ ಅಂಗಿ, ಬೇಡವಾದಾಗ ಬಿಚ್ಚಿಟ್ಟರಾಯಿತು. ಆ ಸಲ ರಜೆಗೆ ಬಂದು ಸಂಸೆಯಲ್ಲಿ ಬಸ್ಸಿಳಿದು ಲೈನ್ ಮನೆಯ ಕಡೆ ನಡೆಯುತ್ತಾ ಆ ಪದವನ್ನೇ ಬಿಡಿಸಿ ನೋಡಿದೆವು. ಕೀಳು, ಅರಿಮೆ. ಅರಿಮೆ ಎಂದರೆ ತಿಳಿವಳಿಕೆ. ಯಾರ ತಿಳಿವಳಿಕೆ? ನಮ್ಮನ್ನು ಕೀಳೆಂದು ತಿಳಿದವರದೋ, ಅವರು ಹಾಗೆ ತಿಳಿದಿದ್ದಾರೆಂದು ಕಂಡುಕೊಂಡ ನಮ್ಮದೋ? ಮೊದಲನೆಯದಾದರೆ ರೋಗ ಅವರದು. ಎರಡನೆಯದಾದರೆ ಅದು ರೋಗವೇ ಅಲ್ಲ, ಸುದ್ದಿ.

ಇದನ್ನು ಇತ್ಯರ್ಥ ಮಾಡಿಕೊಳ್ಳಲೆಂದೇ ನಾವು ಫ್ರಾಯ್ಡ್, ಆಡ್ಲರ್, ಸಾರ್ತ್ರ್, ಕಾಮೂ ಎಂದು ಓದಲು ಕೂತದ್ದು. ಕನ್ನಡಕ್ಕೆ ಈ ವಿಚಾರಗಳು ಗಟ್ಟಿಯಾಗಿ ಬಂದದ್ದು ನವ್ಯದ ಕಾಲದಲ್ಲಿ. 1961ರ ಶಾಂತಿನಾಥ ದೇಸಾಯಿಯವರ 'ಮುಕ್ತಿ', 1965ರ ಅನಂತಮೂರ್ತಿಯವರ 'ಸಂಸ್ಕಾರ', 1979ರ ಚಿತ್ತಾಲರ 'ಶಿಕಾರಿ'. ಇವುಗಳ ನಾಯಕರೆಲ್ಲ ತಮ್ಮನ್ನು ತಾವು ಬಗೆದು ನೋಡಿಕೊಳ್ಳುವವರು. ಅದಕ್ಕೆ ಏಕಾಂತ ಬೇಕು, ಏಕಾಂತಕ್ಕೊಂದು ಕೋಣೆ ಬೇಕು. ಲೈನ್ ಮನೆಯಲ್ಲಿ ಇರುವುದೇ ಒಂದು ಕೋಣೆ, ಅದರಲ್ಲಿ ನಾವು ಆರು ಜನ. ಅಸ್ತಿತ್ವದ ಪ್ರಶ್ನೆ ಕೇಳಿಕೊಳ್ಳಬೇಕೆಂದರೆ ಕಾಫಿ ಗಿಡದ ಮರೆಗೆ ಹೋಗಬೇಕು, ಅಲ್ಲಿ ಜಿಗಣೆ ಕಾಟ. ಆದರೆ ಹೀಗೆ ಲೇವಡಿ ಮಾಡಿ ನವ್ಯವನ್ನು ಬದಿಗೆ ತಳ್ಳುವುದು ಸುಲಭ. ನಮ್ಮ ಹಿರಿಯರಲ್ಲಿ ಕೆಲವರು ತಳ್ಳಿಯೂ ಬಿಟ್ಟರು. ನಾವು ತಳ್ಳದೆ 'ಸಂಸ್ಕಾರ'ವನ್ನು ಮೂರು ಸಲ ಓದಿದೆವು, ಮೂರನೆಯ ಸಲ ಕಣ್ಣಿಗೆ ಬಿದ್ದವಳು ಬೆಳ್ಳಿ.

ಬೆಳ್ಳಿ ಕೇರಿಯ ಹುಡುಗಿ. ರಾತ್ರಿ ಕದ್ದು ಬಂದ ಶ್ರೀಪತಿಗೆ ಅವಳು ಹೇಳಲು ಹೊರಟದ್ದು ಇಲಿಗಳ ಸುದ್ದಿ. ಎಂದೂ ಇಲ್ಲದ ಇಲಿಗಳು ಕೇರಿಯ ಗುಡಿಸಲಿಗೆ ಬರುತ್ತಿವೆ, ಜನ ಮಲಗುತ್ತಿದ್ದಾರೆ. ಶ್ರೀಪತಿಗೆ ಆ ಮಾತು ಬೇಡ. ಅವನ ಪ್ರಕಾರ ಬೆಳ್ಳಿ ಕೂಡಲಿಕ್ಕೆ ಸರಿ, ಮಾತಿಗೆ ಅಲ್ಲ. ಅಗ್ರಹಾರ ಆಗಿನ್ನೂ ನಾರಣಪ್ಪನ ಹೆಣಕ್ಕೆ ಶಾಸ್ತ್ರ ಹುಡುಕುತ್ತಾ ಕೂತಿದೆ. ಕೇರಿಯಲ್ಲಿ ಹೆಣದ ಸಮೇತ ಗುಡಿಸಲಿಗೆ ಬೆಂಕಿ ಹಚ್ಚುತ್ತಾರೆ, ಅಲ್ಲಿ ಯಾವ ಶಾಸ್ತ್ರದ ಗೊಂದಲವೂ ಇಲ್ಲ. ಪ್ರಾಣೇಶಾಚಾರ್ಯರಿಗೆ ಆತಂಕ ಬಂದರೆ ಅದು ತತ್ವಜ್ಞಾನ. ಬೆಳ್ಳಿಗೆ ಆತಂಕ ಬಂದರೆ ಅದು ಹರಟೆ. ಆದರೆ ಪ್ಲೇಗಿನ ಜಾಡು ಹಿಡಿದವಳು ಬೆಳ್ಳಿ! ಅನಂತಮೂರ್ತಿ ಅವಳ ಬಾಯಲ್ಲಿ ಆ ಮಾತು ಇಟ್ಟರು, ದೊಡ್ಡ ಲೇಖಕರಾದ್ದರಿಂದಲೇ ಇಟ್ಟರು. ಇಟ್ಟ ಮೇಲೆ ಅವರೂ ಆಚಾರ್ಯರ ಹಿಂದೆಯೇ ಕಾಡಿಗೆ, ಜಾತ್ರೆಗೆ ಹೊರಟುಹೋದರು. ಬೆಳ್ಳಿಯ ಮನಸ್ಸಿನೊಳಗೆ ಏನು ನಡೆಯಿತು ಎಂಬುದಕ್ಕೆ ಕಾದಂಬರಿಯಲ್ಲಿ ಜಾಗವಾಗಲಿಲ್ಲ.

ಸಾರ್ತ್ರ್ 1943ರ ತಮ್ಮ ದೊಡ್ಡ ಪುಸ್ತಕದಲ್ಲಿ ಪ್ಯಾರಿಸ್ಸಿನ ಕಾಫಿ ಹೋಟೆಲಿನ ಮಾಣಿಯೊಬ್ಬನನ್ನು ತೋರಿಸುತ್ತಾರೆ. ಅವನ ನಡಿಗೆ, ಬಗ್ಗುವುದು, ತಟ್ಟೆ ಹಿಡಿಯುವುದು ಎಲ್ಲವೂ ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿ. ಅವನು ಮಾಣಿಯ ಪಾತ್ರ ಮಾಡುತ್ತಿದ್ದಾನೆ, ತಾನು ಅದಷ್ಟೇ ಎಂದು ನಂಬಿಕೊಳ್ಳಲು ನೋಡುತ್ತಿದ್ದಾನೆ, ಇದು ಆತ್ಮವಂಚನೆ ಎನ್ನುತ್ತಾರೆ ಸಾರ್ತ್ರ್. ಓದುವಾಗ ನಮಗೆ ನೆನಪಾದದ್ದು ಆ ಕಾಫಿಯ ಇನ್ನೊಂದು ತುದಿ. ಸಾವ್ಕಾರ್ರ ಜೀಪಿನ ಸದ್ದು ಕೇಳಿದರೆ ಅವ್ವ ಎತ್ತಿಕಟ್ಟಿದ ಸೀರೆ ಇಳಿಸುತ್ತಿದ್ದಳು, ದನಿ ಇಳಿಸುತ್ತಿದ್ದಳು, ಸೊಂಟದ ಚೀಲ ಸರಿಮಾಡಿಕೊಂಡು ಎರಡು ಕೈಯಲ್ಲೂ ಹಣ್ಣು ಕೊಯ್ಯುತ್ತಿದ್ದಳು. ಬೇಕಾದ್ದಕ್ಕಿಂತ ಒಂದು ಚೂರು ಜಾಸ್ತಿಯೇ. ಸಾಯಂಕಾಲ ಲೈನಿನ ಮುಂದೆ ಅದೇ ಅವ್ವ ಒಂದು ಕೋಲು ಹಿಡಿದು, ಎದೆ ಮುಂದೆ ಮಾಡಿ ಸಾವ್ಕಾರ್ರ ಹಾಗೆ ನಡೆದು, 'ಎಂತ ಮಾರಾಯ್ತಿ, ಇವತ್ತು ಹಣ್ಣು ಕಮ್ಮಿ?' ಎಂದಾಗ ಇಡೀ ಲೈನು ಬಿದ್ದು ಬಿದ್ದು ನಗುತ್ತಿತ್ತು. ಎರಡೂ ಪಾತ್ರ ಎಂದು ಗೊತ್ತಿದ್ದೇ ಮಾಡುವವಳು ಯಾರನ್ನು ವಂಚಿಸುತ್ತಾಳೆ? ಆತ್ಮವಂಚನೆ ಮಾಡಿಕೊಂಡವರು ನಾವು. ಕಾಲೇಜಿನಲ್ಲಿ ಅಪ್ಪ 'ಎಸ್ಟೇಟಲ್ಲಿದಾರೆ' ಎಂದಷ್ಟೇ ಹೇಳಿ, ಕೇಳಿದವರು ರೈಟ್ರೋ ಮ್ಯಾನೇಜರೋ ಅಂದುಕೊಳ್ಳಲಿ ಎಂದು ಸುಮ್ಮನಿರುತ್ತಿದ್ದೆವು. ಈ ಒಂದು ಅರಿವಿಗಾಗಿ ಸಾರ್ತ್ರ್‌ಗೆ ನಾವು ಋಣಿ.

ಆದರೆ ಅವರ 'ನೋಟ'ದ ವಿಚಾರ ನಮಗೆ ಪೂರ್ತಿ ಒಗ್ಗುವುದಿಲ್ಲ. ಇನ್ನೊಬ್ಬನ ಕಣ್ಣು ನನ್ನ ಮೇಲೆ ಬಿದ್ದಾಗ ನಾನು ವಸ್ತುವಾಗುತ್ತೇನೆ, ನಾಚುತ್ತೇನೆ. ಸರಿ. ಮಾರ್ಟಿನಿಕ್‌ನಲ್ಲಿ ಹುಟ್ಟಿದ ಮನೋವೈದ್ಯ ಫ್ರಾಂಟ್ಜ್ ಫ್ಯಾನನ್ ಅದನ್ನೇ 1952ರಲ್ಲಿ ಕರಿಯರ ಪಾಡಿಗೆ ತಂದರು. ಬಿಳಿಯ ಮಗುವೊಂದು ಅವರನ್ನು ತೋರಿಸಿ ತಾಯಿಗೆ ಹೆದರಿಕೆ ಎನ್ನುತ್ತದೆ. ಅಲ್ಲಿ ಚರ್ಮ ಮೊದಲೇ ಮಾತಾಡಿಬಿಟ್ಟಿದೆ. ನಮ್ಮದು ಹಾಗಲ್ಲ. 1901ರಲ್ಲಿ ಬಾಲಕ ಅಂಬೇಡ್ಕರ್ ಅಣ್ಣನೊಂದಿಗೆ ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರರು ಒಳ್ಳೆಯ ಬಟ್ಟೆ ಹಾಕಿದ್ದ ಆ ಮಕ್ಕಳನ್ನು ಬ್ರಾಹ್ಮಣರ ಮಕ್ಕಳೆಂದೇ ತಿಳಿದು ವಿಚಾರಿಸಿದರು. ಯಾರು ನೀವು ಎಂದು ಕೇಳಿ, ಮಹಾರರು ಎಂಬ ಉತ್ತರ ಬಂದ ಮೇಲೆ ಮುಖ ಬದಲಾಯಿತು. ಮಕ್ಕಳು ಅವೇ, ಬಟ್ಟೆ ಅದೇ, ಕಣ್ಣಿಗೆ ಕಂಡದ್ದೇನೂ ಬದಲಾಗಲಿಲ್ಲ. ಜಾತಿ ಕಣ್ಣಿಗಿಂತ ಮುಂಚೆ ಕಿವಿಯಿಂದ ಒಳಗೆ ಬರುತ್ತದೆ. ಕಳಸದ ಬಸ್ಸಿನಲ್ಲಿ ಪಕ್ಕ ಕೂತವರು ಊರು ಕೇಳುತ್ತಾರೆ, ಮನೆ ಎಲ್ಲಿ ಅನ್ನುತ್ತಾರೆ, ಆಮೇಲೆ ನಿಧಾನಕ್ಕೆ 'ಯಾವ ಜನ ನೀವು?' ಸಂಸೆಯಿಂದ ಕಳಸ ಎಷ್ಟು ದೂರವೋ ಅಷ್ಟೂ ದೂರ ಆ ಪ್ರಶ್ನೆ ಎಲ್ಲಿ ಬರುತ್ತದೋ ಎಂದು ಕಾಯುವ ಮನಸ್ಸಿಗೆ ಯಾವ ಶಾಸ್ತ್ರದಲ್ಲಿ ಯಾವ ಹೆಸರಿದೆ?

ಖಿನ್ನತೆಗೆ ಔಷಧಿ ಬೇಡ ಎನ್ನುತ್ತಿಲ್ಲ. ನಿಮ್ಹಾನ್ಸ್‌ಗೆ ಹೋಗಿ ಮಾತ್ರೆ ತಂದು ನಿದ್ದೆ ಕಂಡವರು ನಮ್ಮವರಲ್ಲೂ ಇದ್ದಾರೆ. ಆದರೆ 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ ತೀರಿಕೊಂಡಾಗ, ಅದನ್ನು ಒಬ್ಬ ಹುಡುಗನ ಮನಸ್ಸಿನ ಕಾಯಿಲೆ ಎಂದು ಕೈತೊಳೆದುಕೊಳ್ಳಲು ನೋಡಿದವರೂ ಇದ್ದರು. ಅವರ ವಿದ್ಯಾರ್ಥಿವೇತನ ನಿಂತಿತ್ತು, ಹಾಸ್ಟೆಲ್ಲಿನಿಂದ ಹೊರಗೆ ಹಾಕಿದ್ದರು. ವೈದ್ಯರಾಗಿದ್ದೂ ಫ್ಯಾನನ್ ಹೇಳಿದ್ದು ಇದನ್ನೇ: ರೋಗಿಯ ಮನಸ್ಸಿನ ಜೊತೆಗೆ ಆ ಮನಸ್ಸನ್ನು ಹಾಗೆ ಮಾಡಿದ ಸಮಾಜದ ನಾಡಿಯನ್ನೂ ಹಿಡಿಯಬೇಕು.

ಈಗ ನಮ್ಮ ತಪ್ಪಿನ ಮಾತು. ಅಜ್ಜಿಗೆ ತೋಟದ ಮನೆಯ ಹಿತ್ತಲಲ್ಲಿ ಕಾಫಿ ಕೊಡುತ್ತಿದ್ದದ್ದು ಕರಟದಲ್ಲಿ. ಅವ್ವನ ಕಾಲಕ್ಕೆ ಬೇರೆ ಇಟ್ಟ ಲೋಟ. ನಮ್ಮ ಕಾಲಕ್ಕೆ ಪೇಪರ್ ಕಪ್ಪು. ಕರಟಕ್ಕೆ ಅನುಮಾನ ಇರಲಿಲ್ಲ, ಪೇಪರ್ ಕಪ್ಪಿಗಿದೆ. ಇದು ಎಲ್ಲರಿಗೋ, ನಮಗೆ ಮಾತ್ರವೋ? ಒಬ್ಬ ಗೆಳೆಯನ ಮನೆಯಲ್ಲಿ ಹಾಗೆ ಕಪ್ಪು ಬಂತು. ನಾವು ಕುಡಿಯದೆ ಎದ್ದು ಬಂದೆವು, ಒಂದು ವರ್ಷ ಅವನನ್ನು ಮಾತಾಡಿಸಲಿಲ್ಲ. ಆಮೇಲೆ ಗೊತ್ತಾಯಿತು, ಆವತ್ತು ಮನೆಯಲ್ಲಿ ತಿಥಿ, ಬಂದ ನೆಂಟರಿಗೆಲ್ಲ ಅದೇ ಕಪ್ಪು. ಇನ್ನೊಂದು ಮನೆಯಲ್ಲಿ ಹೊಳೆಯುವ ಸ್ಟೀಲ್ ಲೋಟದಲ್ಲೇ ಕೊಟ್ಟರು. ಖುಷಿಯಿಂದ ಕುಡಿದೆವು. ಹೊರಡುವಾಗ ನೋಡಿದರೆ ಆ ಲೋಟ ಒಂದೇ ಒಂದು ಹೊರಗಿನ ನಲ್ಲಿಯ ಹತ್ತಿರ ಬೋರಲು ಬಿದ್ದಿತ್ತು. ನಮ್ಮ ಅನುಮಾನ ಒಮ್ಮೆ ಸುಳ್ಳು, ಒಮ್ಮೆ ನಿಜ. ಕಪ್ಪು ಕೈಗೆ ಬಂದ ಗಳಿಗೆಯಲ್ಲಿ ಯಾವುದೆಂದು ಗೊತ್ತಾಗುವುದಿಲ್ಲ, ಆದರೂ ಕುಡಿಯೋದಾ ಬಿಡೋದಾ ಎಂದು ಆಗಲೇ ಆಯ್ದುಕೊಳ್ಳಬೇಕು. ಆಯ್ಕೆಯ ಸಂಕಟ ಎಂದು ಅಸ್ತಿತ್ವವಾದಿಗಳು ಬರೆದದ್ದು ಇದಲ್ಲದಿದ್ದರೆ ಬೇರೆ ಯಾವುದು?

ಇದು ನಮ್ಮ ಕಾವ್ಯದಲ್ಲಿ ಬಂದಿದೆಯೇ? ಕಮ್ಮಿ. 1979ರಲ್ಲಿ ಬಂಡಾಯ ಸಂಘಟನೆ ಕಟ್ಟಿದವರು ಬೀದಿಗೆ ದನಿ ಕೊಟ್ಟರು, ಆ ದನಿ ಇಲ್ಲದಿದ್ದರೆ ನಾವು ಕಾಲೇಜಿನ ಮೆಟ್ಟಿಲು ಹತ್ತಿ ಹೀಗೆ ಬರೆಯುತ್ತಿರಲಿಲ್ಲ. ಆದರೆ ಅಂಜಿಕೆ, ನಾಚಿಕೆ, ಅನುಮಾನ ಇವೆಲ್ಲ ನವ್ಯರ ಸೊತ್ತು ಎಂದು ಬಿಟ್ಟುಕೊಟ್ಟದ್ದು ದುಬಾರಿಯಾಯಿತು. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ರಾತ್ರಿ ಕೂತು ಕದ್ದ ಕಡಲೆಕಾಯಿ ತಿನ್ನುವಾಗ ಹಸಿವು, ಹೆದರಿಕೆ, ಹಬ್ಬ ಮೂರೂ ಒಟ್ಟಿಗೇ ಇವೆ. ಅಲ್ಲಿ ಫ್ರಾಯ್ಡ್ ಹೆಸರಿಲ್ಲ, ಮನಸ್ಸಿದೆ. ನಾವು ಬೆಳ್ಳಿಯ ಮೇಲೊಂದು ಪದ್ಯ ಬರೆದೆವು. ನಾಲ್ಕನೇ ಸಾಲಿಗೇ ಅವಳ ಕೈಗೆ ಪಂಜು ಕೊಟ್ಟುಬಿಟ್ಟಿದ್ದೆವು. ಅವಳು ಹೇಳಬೇಕೆಂದಿದ್ದದ್ದು ಇಲಿಯ ವಿಷಯ. ನಾವೂ ಕೇಳಿಸಿಕೊಳ್ಳಲಿಲ್ಲ. ಹರಿದು ಹಾಕಿದೆವು.

ಹೋದ ಸುಗ್ಗಿಯಲ್ಲಿ ಆ ಗೆಳೆಯನ ಮನೆಗೆ ಮತ್ತೆ ಹೋದೆವು. ಅವನ ತಾಯಿ ಕಾಫಿ ತಂದರು, ಪೇಪರ್ ಕಪ್ಪೇ. 'ಅಮ್ಮ, ಎಲ್ಲರಿಗೂ ಇದ್ರಲ್ಲೇನಾ?' ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆವು. ಅವರ ಕೈ ಅಲ್ಲೇ ನಿಂತಿತು. ಗೆಳೆಯ ನೆಲ ನೋಡಿದ. ಅವರು ತಟ್ಟೆ ಹಿಡಿದುಕೊಂಡೇ ಒಳಗೆ ಹೋದರು. ಅಡಿಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮೂರು ಲೋಟ ಬಂದವು, ಮೂರನೆಯದನ್ನು ಅವರು ತಾವೇ ಹಿಡಿದು ನಮ್ಮೆದುರು ಕೂತರು. ಯಾರೂ ಮಾತಾಡಲಿಲ್ಲ. ಕಾಫಿ ಸುಡುತ್ತಿತ್ತು.