ಆತಕೂರಿನ ಸ್ಮಾರಕಶಿಲೆ: ಓದುವ ಕ್ರಮವನ್ನು ಕುರಿತು

ವೀರಗಲ್ಲುಗಳನ್ನು ಇತಿಹಾಸದ ಆಕರಗಳೆಂದು ಬಳಸಿದ ವಿದ್ವಾಂಸರು ಅನೇಕರು. ಅವುಗಳನ್ನು ಇಡಿಯಾದ ರಚನೆಗಳೆಂದು ಪರಿಶೀಲಿಸಿದವರು ವಿರಳ. ಇದರಿಂದ ಒದಗುವ ಹಾನಿಯನ್ನು ಮಂಡ್ಯ ಜಿಲ್ಲೆಯ ಆತಕೂರಿನ ಶಿಲೆಯ ಮೂಲಕ ತೋರಿಸುವುದು ನಮ್ಮ ಉದ್ದೇಶ.

ಶಕವರ್ಷ 872ರ (ಕ್ರಿ.ಶ. 949-50) ಈ ಶಾಸನವು ತಕ್ಕೋಲದ ಯುದ್ಧಕ್ಕೆ ಪ್ರಮುಖ ಆಧಾರವೆಂದು ಪ್ರಸಿದ್ಧವಾಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದುದು, ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದು, ಅದಕ್ಕಾಗಿ ಬನವಾಸಿ 12000 ಮೊದಲಾದ ನಾಡುಗಳನ್ನು ಪಡೆದುದು ಇದರಿಂದ ತಿಳಿದುಬರುತ್ತವೆ. ನಮ್ಮ ಚರಿತ್ರಗ್ರಂಥಗಳು ಬಹುಮಟ್ಟಿಗೆ ಇಷ್ಟಕ್ಕೇ ತೃಪ್ತವಾಗಿವೆ.

ಆದರೆ ಈ ಕಲ್ಲು ಅರಸರ ಜಯಸ್ತಂಭವಲ್ಲ. ಬೂತುಗನ ಆಳಾದ ಮಣಲೆರನು ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಒಡೆಯನು ಮೆಚ್ಚಿದಾಗ ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಕಾದಿತು, ಎರಡೂ ಮಡಿದವು. ಅದರ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂಬ ಕಟ್ಟಳೆಯೂ ಇದೆ. ಶಿಲ್ಪಿ ಕಂಡರಿಸಿರುವುದು ಕೂಡ ನಾಯಿ ಹಂದಿಗಳ ಕಾಳಗವನ್ನೇ, ತಕ್ಕೋಲದ ರಣರಂಗವನ್ನಲ್ಲ. ಯುದ್ಧವು ಇಲ್ಲಿ ಪೀಠಿಕೆ; ಆಳು ಒಡೆಯರ ನಡುವಣ ಮೆಚ್ಚು ಮತ್ತು ನಿಷ್ಠೆ ಇದರ ಪ್ರತಿಪಾದ್ಯ.

ಈ ತಾತ್ಪರ್ಯವನ್ನು ಮರೆತುದರಿಂದ ಆದ ಅನರ್ಥವೊಂದುಂಟು. ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಕೊಂದನೆಂದು ಮೊದಮೊದಲು ಅರ್ಥಮಾಡಲಾಗಿತ್ತು. ಆನೆಯ ಮೇಲಣ ಪೀಠವನ್ನು ಹೇಳುವ ‘ಬಿಸುಗೆ’ ಎಂಬ ಮಾತೂ ರಣರಂಗವನ್ನು ಹೇಳುವ ‘ಕಳ’ ಎಂಬ ಮಾತೂ ಸರಿಯಾಗಿ ಗ್ರಹಿತವಾದ ಮೇಲೆ, ಆನೆಯ ಪೀಠವನ್ನೇ ರಣರಂಗವಾಗಿಸಿ ಕಾದಿದನೆಂಬ ಅರ್ಥವು ಸ್ಥಿರಪಟ್ಟಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ಲೈಡನ್ ತಾಮ್ರಪಟಗಳೂ ಹೇಳುತ್ತವೆ. ಸೋತ ಪಕ್ಷವೇ ಹೊರಿಸದ ಕಳಂಕವನ್ನು ಗೆದ್ದವನ ಕಲ್ಲಿನ ಮೇಲೆ ನಾವು ಓದಿದೆವು. ಒಡೆಯನ ಮೆಚ್ಚುಗೆಯನ್ನು ಪಡೆದ ಆಳೊಬ್ಬನು ಪೂಜೆಗೆಂದು ನಿಲ್ಲಿಸಿದ ಕಲ್ಲು ಆ ಒಡೆಯನ ದ್ರೋಹವನ್ನು ಸಾರೀತೆ? ಈ ಪ್ರಶ್ನೆಯೊಂದೇ ಆ ಅರ್ಥವನ್ನು ಸಂದೇಹಿಸಲು ಸಾಕಾಗಿತ್ತು.

ಹಾಗೆಂದು ಸ್ಮಾರಕದ ಹೊಗಳಿಕೆಯನ್ನೆಲ್ಲ ನಂಬಬೇಕೆಂದು ನಾವು ಹೇಳುವುದಿಲ್ಲ. ಯಾರು, ಯಾರಿಗಾಗಿ, ಎಲ್ಲಿ ನಿಲ್ಲಿಸಿದರೆಂಬುದನ್ನು ತಿಳಿದ ಬಳಿಕವೇ ಹೊಗಳಿಕೆಯನ್ನು ತೂಗಬೇಕೆಂಬುದು ನಮ್ಮ ವಾದ. ಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅಕ್ಷರಗಳು ಸುರಕ್ಷಿತವಾಗಿವೆ. ದೇವಾಲಯ, ದತ್ತಿಯ ಭೂಮಿ, ಪೂಜೆಯ ಕಟ್ಟಳೆ ಇವುಗಳ ಸಂಬಂಧ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಶಾಸನದ ಮಾತುಗಳಿಂದಲೇ ಪುನಃ ಕಟ್ಟಿಕೊಳ್ಳಬೇಕು. ತರಗತಿಯಲ್ಲಿ ಈ ಪಾಠವನ್ನು ಬೋಧಿಸುವವರು ಕೃಷ್ಣ ಬೂತುಗರ ಹೆಸರುಗಳ ಜೊತೆಗೆ ಮಣಲೆರನ ಕೋರಿಕೆಯನ್ನೂ ಗೊರವನ ಕರ್ತವ್ಯವನ್ನೂ ವಿವರಿಸುವುದು ಅವಶ್ಯಕ.