ಸುರುಳಿಯೊಳಗಿನ ತಂತಿ

ಹಾಯಿದೋಣಿಯ ಮುಂಬದಿಯ ಹಾಯಿಯನ್ನು ಸುರುಳಿ ಸುತ್ತಿಡುವ ಫರ್ಲರ್‌ಗೆ ಸಿಗುವ ಹೊಗಳಿಕೆಯೆಲ್ಲ ನೀರಿನ ಮೇಲಿನ ಕೆಲಸಕ್ಕೇ ಸಿಗುತ್ತದೆ. ಗಾಳಿ ಜೋರಾದರೆ ಅಲೆಯಲ್ಲಿ ಮುಳುಗೇಳುವ ಮೂತಿಯ ತನಕ ತೆವಳಬೇಕಿಲ್ಲ, ಹಿಂದೆ ಕೂತು ಒಂದು ಹಗ್ಗ ಎಳೆದರಾಯಿತು. ಸರಿಯೇ. ಅದರ ಗುಣಾವಗುಣ ಪೂರ್ತಿ ಗೊತ್ತಾಗುವುದು ಮಾತ್ರ ಬಿಚ್ಚಿದಾಗ.

ಬೇರಿಂಗ್ ವಿಷಯದಲ್ಲಿ ತಯಾರಕರ ಹಾದಿಗಳು ಬೇರೆ ಬೇರೆ. ಹಾರ್ಕೆನ್‌ನದು ತೆರೆದ ಬೇರಿಂಗ್, ಪ್ಲಾಸ್ಟಿಕ್ ಗುಂಡುಗಳು. ಸಿಹಿನೀರು ಹಾಯಿಸಿ ತೊಳೆದರೆ ಮುಗಿಯಿತು. ಅದಕ್ಕೆ ಗ್ರೀಸ್ ಮೆತ್ತಿದರೆ ಉಪ್ಪು, ದೂಳು ಅಲ್ಲೇ ಕೂತು ಕೆಡಿಸುತ್ತವೆ. (ಗ್ರೀಸ್ ಡಬ್ಬಿ ಕಂಡರೆ ಸುಮ್ಮನಿರದ ಕೈಗಳು ಎಲ್ಲ ದಕ್ಕೆಗಳಲ್ಲೂ ಇವೆ.) ಸೆಲ್ಡೆನ್‌ನ ಫರ್ಲೆಕ್ಸ್ ಸ್ಟೀಲ್ ಗುಂಡುಗಳದ್ದು, ಗ್ರೀಸ್ ಕೇಳಿಯೇ ಕೇಳುತ್ತದೆ. ಪ್ರೊಫರ್ಲ್ ಗ್ರೀಸ್ ತುಂಬಿ ಸೀಲ್ ಮಾಡಿಬಿಟ್ಟಿದೆ. ವರ್ಷಗಟ್ಟಲೆ ಏನೂ ಬೇಡುವುದಿಲ್ಲ, ಸೀಲ್ ಹೋದ ದಿನ ಮಾತ್ರ ಸರ್ಕ್ಲಿಪ್ ಇಕ್ಕಳದಿಂದ ಹಿಡಿದು ಪ್ರೆಸ್‌ವರೆಗೆ ಎಲ್ಲವನ್ನೂ ಬೇಡುತ್ತದೆ. ದೂರ ಹೋಗುವ ದೋಣಿಗೆ ನನ್ನ ಓಟು ಮೊದಲನೆಯದಕ್ಕೆ. ಕೆಡುವ ಮೊದಲೇ ಕಣ್ಣಿಗೆ ಬೀಳುವ ಬೇರಿಂಗ್ ಅದು.

ಆದರೆ ಬೇರಿಂಗ್ ದೊಡ್ಡ ಮಾತಲ್ಲ. ಅಲ್ಯೂಮಿನಿಯಂ ಕೊಳವೆಗಳ ಸಾಲಿನೊಳಗೆ ಫೋರ್‌ಸ್ಟೇ ಇದೆ, ಕೂವೆಮರವನ್ನು ಮುಂದಿನಿಂದ ಹಿಡಿದಿಟ್ಟ ತಂತಿ. ಸಾಮಾನ್ಯವಾಗಿ 19 ಎಳೆಗಳದ್ದು. ಎಳೆ ಕಡಿಯುವುದು ಹೆಚ್ಚಾಗಿ ತುದಿಯ ಫಿಟಿಂಗ್‌ಗಳ ಬಾಯಲ್ಲಿ. ಕೆಳಗಿನದನ್ನು ಹಗ್ಗ ಸುತ್ತಿಕೊಳ್ಳುವ ಡ್ರಮ್ ಮುಚ್ಚಿದೆ, ಮೇಲಿನದು ಕೂವೆಯ ತುದಿಯಲ್ಲಿದೆ. ದೋಣಿ ನಿಂತಿರುವುದೇ ಯಾವುದರ ಮೇಲೋ ಅದನ್ನೇ ಮರೆಮಾಡುವುದು ಈ ಯಂತ್ರದ ಹುಟ್ಟುದೋಷ. ಡ್ರಮ್ ತೊಳೆದು ಮತ್ತೆ ಮುಚ್ಚುವ ದುರಸ್ತಿಗೆ ಅರ್ಧ ಅಂಕವನ್ನೂ ಕೊಡಲಾಗದು. ತಂತಿ ಹೊರಬರಬೇಕು. ಅದಕ್ಕೆ ಮೊದಲು ಬೇರೊಂದು ಹಾಲ್ಯರ್ಡನ್ನು, ಅಂದರೆ ಹಾಯಿ ಏರಿಸುವ ಹಗ್ಗವನ್ನು, ಮೂತಿಗೆ ಬಿಗಿದು ಕೂವೆಗೆ ಆಸರೆ ಕೊಡಬೇಕು, ಇಲ್ಲವೇ ಕೂವೆಯನ್ನೇ ಇಳಿಸಬೇಕು.

ಕೈಪಿಡಿಗಳು ಎಡವುವುದು ಮರುಜೋಡಣೆಯಲ್ಲಿ. ಬಿಚ್ಚಿದ ಕ್ರಮವನ್ನೇ ತಿರುವುಮುರುವಾಗಿ ಪಾಲಿಸಿ ಎಂಬ ಸಲಹೆ ಹೊಸ ಯಂತ್ರಕ್ಕೆ ಸರಿ. ಅಲ್ಯೂಮಿನಿಯಂನಲ್ಲಿ ಕೂತ ಸ್ಟೇನ್‌ಲೆಸ್ ಸ್ಕ್ರೂ ಉಪ್ಪುನೀರು ತಾಗಿದ ಮೇಲೆ ಬಿಳಿ ಪುಡಿ ಕಟ್ಟಿಕೊಂಡು ಬೆಸೆದುಹೋಗುತ್ತದೆ. ಅದಕ್ಕೆ ಬಿಸಿಗಾಳಿ ಬೇಕು, ತಾಳ್ಮೆ ಬೇಕು, ಕೆಲವೊಮ್ಮೆ ಡ್ರಿಲ್ಲೂ ಬೇಕು. ವಾಪಸು ಹಾಕುವಾಗ ಎರಡು ಲೋಹಗಳ ನಡುವೆ ಟೆಫ್‌ಜೆಲ್ ಅಥವಾ ಡ್ಯುರಾಲಾಕ್‌ನಂಥ ತಡೆಲೇಪ ಸವರದಿದ್ದರೆ ಮುಂದಿನ ಸಲ ಬಿಚ್ಚುವವರ ಬೈಗುಳ ಖಾತ್ರಿ.

ಇನ್ನೂ ಸೂಕ್ಷ್ಮವಾದದ್ದು ಹಾಲ್ಯರ್ಡಿನ ಕೋನ. ಹಾಯಿಯ ತಲೆಯನ್ನು ಹಿಡಿಯುವ ಮೇಲಿನ ಸ್ವಿವೆಲ್‌ನ ಒಂದು ಭಾಗ ಹಾಯಿಯೊಡನೆ ತಿರುಗಬೇಕು, ಇನ್ನೊಂದು ಹಾಲ್ಯರ್ಡ್ ಹಿಡಿದು ಸ್ಥಿರವಾಗಿರಬೇಕು. ಹಾಲ್ಯರ್ಡ್ ಫೋರ್‌ಸ್ಟೇಗೆ ಸಮಾನಾಂತರವಾಗಿದ್ದರೆ ಅದೇ ತಂತಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಗಮನಿಸದೆ ವಿಂಚ್ ಹಾಕಿ ಎಳೆದರೆ ತಂತಿಯ ಹೊಸೆತವೇ ಬಿಚ್ಚಿಕೊಳ್ಳುತ್ತದೆ. ಹಾರ್ಕೆನ್ 8ರಿಂದ 10 ಡಿಗ್ರಿ ಕೋನ ಬಿಡಲು ಹೇಳುತ್ತದೆ. ಹಾಯಿ ಗಿಡ್ಡವಾಗಿದ್ದು ಸ್ವಿವೆಲ್ ಕೆಳಗುಳಿದರೆ ಈ ಕೋನ ಕೈತಪ್ಪುತ್ತದೆ. ಹಾಯಿಯ ತಲೆಗೆ ತುಂಡು ಹಗ್ಗ ಸೇರಿಸಿ ಸ್ವಿವೆಲನ್ನು ಮೇಲಕ್ಕೆ ಏರಿಸಬೇಕು. ಎಲ್ಲ ಸ್ಕ್ರೂ ಸರಿಯಾಗಿ ಕೂತು, ಇದೊಂದು ತಪ್ಪಿದರೂ ಕೆಲಸ ಕೆಟ್ಟಂತೆ.

ದಡದಲ್ಲಿ ಬರಿ ಡ್ರಮ್ ಬೆರಳ ತುದಿಯಲ್ಲಿ ತಿರುಗಿತು ಎಂದು ಹಣ ಎಣಿಸಿಕೊಳ್ಳುವ ರೂಢಿಯನ್ನು ಒಪ್ಪಲಾರೆ. ಹಾಯಿ ಏರಿಸಿ, ಹಾಲ್ಯರ್ಡ್ ಬಿಗಿದು, ಒಬ್ಬರು ಹಗ್ಗ ಎಳೆಯುವಾಗ ಇನ್ನೊಬ್ಬರು ದುರ್ಬೀನಿನಲ್ಲಿ ಕೂವೆಯ ತುದಿ ನೋಡಲಿ. ಬಿಲ್ ಆಮೇಲೆ.