ಫರಶಿಯ ಮೇಲೆ ಪದಗಳು

ಸ್ಕ್ರ್ಯಾಬಲ್ ಆಟವನ್ನು ಕನ್ನಡಕ್ಕೆ ಒಗ್ಗಿಸಲು ಕೂತರೆ ಮೊದಲು ಕೈಕಟ್ಟುವುದು ಕಾಗುಣಿತ. 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೆ 442 ಅಕ್ಷರ. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇಂಗ್ಲಿಷಿನಲ್ಲಿ ಇಡೀ ಆಟ ಮುಗಿಯುವುದು 100 ಬಿಲ್ಲೆಗಳಲ್ಲಿ.

ಆಳಂದದ ನಮ್ಮ ಮನೆಯಲ್ಲಿ ಇದಕ್ಕೆ ದಾರಿ ತೋರಿಸಿದ್ದು ನೆಲದ ಶಹಾಬಾದ್ ಫರಶಿ. ಬಿಲ್ಲೆಯ ಮೇಲೆ ಬರೀ ವ್ಯಂಜನ ಬರೆದೆವು. ಫರಶಿಯ ಮೇಲೆ ಬಳಪದಿಂದ ಉದ್ದಕ್ಕೆ 15, ಅಡ್ಡಕ್ಕೆ 15 ಮನೆ ಎಳೆದೆವು. ‘ಕ’ ಸಿಕ್ಕವರು ಕಾ, ಕಿ, ಕೋ ಏನು ಬೇಕಾದರೂ ಮಾಡಿಕೊಳ್ಳಬಹುದು. ಬಿಲ್ಲೆ ಒಪ್ಪಿಸಿ, ಅಕ್ಷರವನ್ನು ಮನೆಯೊಳಗೆ ಬರೆಯಬೇಕು. ಒತ್ತು ಬಂದರೆ ಎರಡು ಬಿಲ್ಲೆ. ಅನುಸ್ವಾರ ಪುಕ್ಕಟೆ. ಒಂದು ಮನೆಗೆ ಒಂದು ಅಕ್ಷರವೆಂಬ ಪಾಠವನ್ನು ಪತ್ರಿಕೆಗಳ ಪದಬಂಧ ನಮಗೆ ಮೊದಲೇ ಕಲಿಸಿತ್ತು.

ಅಂಕ ಹಂಚುವಾಗ ಆಟದ ನಿಜವಾದ ರುಚಿ ಹತ್ತಿತು. 1930ರ ದಶಕದಲ್ಲಿ ಈ ಆಟ ಹುಟ್ಟಿಸಿದ ಅಮೆರಿಕದ ಆಲ್ಫ್ರೆಡ್ ಬಟ್ಸ್, ಪತ್ರಿಕೆಯ ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂದು ಎಣಿಸಿ ಬೆಲೆ ಕಟ್ಟಿದ್ದರು. ಅಪರೂಪದ ಅಕ್ಷರಕ್ಕೆ 10 ಅಂಕ. ಅದೇ ನ್ಯಾಯದಂತೆ ನಾವು ಮಹಾಪ್ರಾಣಗಳಿಗೆಲ್ಲ ದುಬಾರಿ ಬೆಲೆ ಇಟ್ಟೆವು. ಎರಡೇ ಆಟಕ್ಕೆ ಆ ಲೆಕ್ಕ ಕುಸಿಯಿತು. ಖರೇ, ಖಬರ್, ಛಲೋ, ಫರಕ್, ಭಾಳ, ಝಂಡಾ! ಬೇರೆ ಕಡೆ ‘ಗಟ್ಟಿ’ ಆಗಿರುವುದು ನಮ್ಮಲ್ಲಿ ‘ಘಟ್ಟಿ’. ಉರ್ದು ಮತ್ತು ಮರಾಠಿಯ ನೆರೆಯಲ್ಲಿ ಬೆಳೆದ ನಾಲಗೆಗೆ ಮಹಾಪ್ರಾಣ ಅಪರೂಪದ್ದೇನಲ್ಲ. ಅಕ್ಷರದ ಬೆಲೆಯನ್ನು ಆಡುವವರ ಊರು ನೋಡಿ ಕಟ್ಟಬೇಕು. ನಾವು ‘ಖ’ವನ್ನು 8ರಿಂದ 3ಕ್ಕೆ ಇಳಿಸಿದೆವು. ‘ಠ’ದ ಬೆಲೆ ಇನ್ನೂ ತೀರ್ಮಾನವಾಗಿಲ್ಲ.

ಯಾವ ಪದ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬ ವಾದವೂ ಆಟದಷ್ಟೇ ಹಿತ. ಒಮ್ಮೆ ಅಫಜಲಪುರದ ಗೆಳೆಯ ‘ದಂಡಿ’ ಬರೆದ. ಜೇವರ್ಗಿಯಿಂದ ಬರುವ ಅಕ್ಕ ಕನ್ನಡ ಶಿಕ್ಷಕಿ. ಕೂಡಲೇ ತಡೆದಳು: “ತಮ್ಮಾ, ಅದು ಕವಿ ಹೆಸರು. ಹೆಸರು ನಡಿಯಂಗಿಲ್ಲ.”

“ಅಕ್ಕಾ, ನಾ ಭೀಮಾ ದಂಡಿ ಮ್ಯಾಗ ಹುಟ್ಟಿದವ. ಹೊಳಿ ದಂಡಿ ಗೊತ್ತಿಲ್ಲೇನು?”

ಇವನಿಗೆ ದಂಡಿ ಎಂದರೆ ಹೊಳೆಯ ದಡ. ಹೇರಳ ಎಂಬ ಅರ್ಥವೂ ಅದಕ್ಕುಂಟು. ಅಕ್ಕನ ತಲೆಯಲ್ಲಿದ್ದುದು ‘ಕಾವ್ಯಾದರ್ಶ’ ಬರೆದ ಸಂಸ್ಕೃತದ ದಂಡಿ. ಆ ಗ್ರಂಥವನ್ನು ಅನುಸರಿಸಿ ಒಂಬತ್ತನೆಯ ಶತಮಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದದ್ದು ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ನಮ್ಮದೇ ಜಿಲ್ಲೆಯ ಇಂದಿನ ಮಳಖೇಡ. ಕನ್ನಡದ ದೇಸಿ ಊರೂರಿಗೆ ಬೇರೆಯಾದ್ದರಿಂದ ಅದರ ತಪ್ಪುಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತು ಎಂಬ ಮಾತು ಆ ಗ್ರಂಥದಲ್ಲಿದೆ. ಆ ಮಾತು ನೆನಪಾದದ್ದೂ ಅಕ್ಕನಿಗೇ. ತಾನೇ ನಕ್ಕು ಅಂಕ ಕೊಟ್ಟಳು. ಅಂದಿನಿಂದ ನಮ್ಮಲ್ಲಿ ನಿಯಮ ಇಷ್ಟೇ: 1894ರ ಕಿಟೆಲ್ ಕೋಶದಲ್ಲಿದ್ದರೂ ನಡೆಯುತ್ತದೆ, ಮನೆಯ ಹಿರಿಯರೊಬ್ಬರು ‘ನಾವು ಹಂಗಂತೀವಿ’ ಎಂದರೂ ನಡೆಯುತ್ತದೆ. ‘ನ್ಯಾರಿ’ ಹಾಗೆಯೇ ಗೆದ್ದ ಪದ. ಬೆಳಗಿನ ಉಪಾಹಾರಕ್ಕೆ ಇಷ್ಟು ಚೊಕ್ಕ ಹೆಸರು ಬೇರೆ ಎಲ್ಲಿದೆ?

ಹೋದ ಎಳ್ಳ ಅಮವಾಸ್ಯೆಗೆ ಅಕ್ಕನ ಹೊಲದಲ್ಲಿ ಸೇರಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಆದಮೇಲೆ ಬನ್ನಿ ಮರದ ನೆರಳಲ್ಲಿ ರಟ್ಟು ಹಾಸಿ ಮನೆ ಎಳೆದೆವು. ಸುತ್ತಲೂ ತೊಗರಿ. ಅಕ್ಕ ಮೊದಲ ಸರದಿಗೇ ‘ಚರಗ’ ಇಟ್ಟಳು. ಗುಣಿತವಿಲ್ಲ, ಒತ್ತಿಲ್ಲ, ಅಂಕವೂ ಕಡಿಮೆ. ಆದರೆ ಅರ್ಧ ಗಂಟೆಯ ಹಿಂದೆ ಅದನ್ನೇ ಹೊಲದ ತುಂಬ ಚೆಲ್ಲಿ ಬಂದ ಕೈ ಅದು. ಅಫಜಲಪುರದವನು ಬಹಳ ಹೊತ್ತು ತನ್ನ ಏಳು ಬಿಲ್ಲೆಗಳನ್ನು ಹಿಂದೆ ಮುಂದೆ ಮಾಡಿದ. ಕಡೆಗೆ ಆ ‘ಗ’ ಹಿಡಿದು, ಕೆಳಮುಖವಾಗಿ ‘ಗಳೆ’ ಹೂಡಿದ.